ಬಿಟ್ಟ ತಂತಿ ಶ್ರುತಿಯಲ್ಲಿದೆ, ಹನ್ನೆರಡನೇ ಫ್ರೆಟ್ ಯಾಕಿಲ್ಲ?

ಪ್ರಶ್ನೆ: ಊರಿನ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಕೀಬೋರ್ಡಿನ ಜೊತೆ ಆರೂ ತಂತಿಗಳನ್ನು ಟ್ಯೂನ್ ಮಾಡಿಕೊಳ್ಳುತ್ತೇನೆ. ಮೊದಲ ಮೂರು ನಾಲ್ಕು ಫ್ರೆಟ್‌ಗಳ ಕಾರ್ಡ್‌ಗಳು ಚೆನ್ನಾಗಿಯೇ ಕೇಳುತ್ತವೆ. ಹತ್ತು, ಹನ್ನೆರಡನೇ ಫ್ರೆಟ್ಟಿನ ಕಡೆ ಹೋದೆನೋ, ದಪ್ಪ ತಂತಿಗಳು ಅಪಸ್ವರ ಹಿಡಿಯುತ್ತವೆ. ಕೀಬೋರ್ಡ್ ನುಡಿಸುವ ಅಣ್ಣ ‘ನಿನ್ನ ಗಿಟಾರೇ ಸರಿಯಿಲ್ಲ, ಮಾರಿಬಿಡು’ ಅನ್ನುತ್ತಾರೆ. ದೋಷ ಗಿಟಾರಿನದೋ, ನನ್ನ ಬೆರಳಿನದೋ? ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ಗುಡಿಬಂಡೆ, ಮಡಕಶಿರಾ ಸೀಮೆ

ಉತ್ತರ: ಗಿಟಾರ್ ಮಾರಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಅದಕ್ಕೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುವ ಹೊಂದಾಣಿಕೆ, ಕೂತಿಲ್ಲ, ಅಷ್ಟೇ. ಒಂದು ಸ್ಕ್ರೂಡ್ರೈವರ್, ಒಂದು ಟ್ಯೂನರ್, ಒಂದು ಸಂಜೆಯ ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ ಇದು. ಆದರೆ ಸ್ಕ್ರೂ ಮುಟ್ಟುವ ಮೊದಲು ಏನಾಗುತ್ತಿದೆ ಅನ್ನುವುದು ತಿಳಿದಿರಬೇಕು. ತಿಳಿಯದೆ ತಿರುಗಿಸಿದರೆ ಇರುವುದೂ ಕೆಡುತ್ತದೆ.

ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರಿನಲ್ಲಿ ನಟ್‌ನಿಂದ ಬ್ರಿಜ್‌ವರೆಗೆ ತಂತಿಯ ಲೆಕ್ಕದ ಉದ್ದ 25.5 ಇಂಚು, ಅಂದರೆ 648 ಮಿಲಿಮೀಟರ್. ಹನ್ನೆರಡನೇ ಫ್ರೆಟ್ ಇರುವುದು ನಟ್‌ನಿಂದ ಸರಿಯಾಗಿ 324ರಲ್ಲಿ. ಅರ್ಧ ತಂತಿ ನುಡಿಸಿದರೆ ಮೇಲಿನ ಷಡ್ಜ ಬರಬೇಕು, ಇದು ಏಕತಾರಿ ಹಿಡಿದವರಿಗೂ ಗೊತ್ತಿರುವ ಸಂಗತಿ. ಆದರೆ ನೀವು ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಅದು ಕೆಳಕ್ಕೆ ಬಾಗುತ್ತದೆ, ಬಾಗಿದಷ್ಟೂ ಬಿಗಿಯುತ್ತದೆ, ಬಿಗಿದಷ್ಟೂ ಸ್ವರ ಏರುತ್ತದೆ. ಜೊತೆಗೆ ದಪ್ಪ ತಂತಿ ಗಡುಸು. ಅದರ ತುದಿ ಪೂರ್ತಿ ಸಡಿಲವಾಗಿ ಕಂಪಿಸುವುದಿಲ್ಲ, ಹಾಗಾಗಿ ಕಂಪಿಸುವ ಉದ್ದ ನಾವು ಅಳೆದದ್ದಕ್ಕಿಂತ ಒಂದಿಷ್ಟು ಕಡಿಮೆಯೇ ಆಗುತ್ತದೆ. ಈ ಎರಡನ್ನೂ ಸರಿದೂಗಿಸಲು ಬ್ರಿಜ್ ಮೇಲಿನ ಸ್ಯಾಡಲ್ ಅನ್ನು 648ಕ್ಕಿಂತ ತುಸು ಹಿಂದಕ್ಕೆ ಇಡಬೇಕು. ಸಣ್ಣ ತಂತಿಗೆ ಒಂದೆರಡು ಮಿಲಿಮೀಟರ್ ಸಾಕು, ದಪ್ಪ ತಂತಿಗೆ ನಾಲ್ಕೈದಾದರೂ ಬೇಕಾಗುತ್ತದೆ. ನಿಮ್ಮ ಗಿಟಾರಿನಲ್ಲಿ ದಪ್ಪ ತಂತಿಗಳಿಗೆ ಈ ಹೆಚ್ಚಿನ ಉದ್ದ ಸಿಕ್ಕಿಲ್ಲ.

ಇದು ಹೊಸ ತೊಡಕಲ್ಲ. ನಿಮ್ಮ ಸೀಮೆಯಿಂದ ಲೇಪಾಕ್ಷಿ ಎಷ್ಟು ದೂರ? ಅಲ್ಲಿನ ನಾಟ್ಯಮಂಟಪದ ಕಂಬಗಳ ಮೇಲೆ ವಾದ್ಯ ಹಿಡಿದು ನಿಂತ ದೇವತೆಗಳನ್ನು ನೀವು ನೋಡಿರುತ್ತೀರಿ. ಆ ಗುಡಿಯ ಕೆಲಸ ನಡೆದದ್ದು ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ. ಅವನು ಆಳಿದ್ದು 1529ರಿಂದ 1542ರವರೆಗೆ. ಅದೇ ಅರಸನ ಹೆಸರು ಹೊತ್ತ ವೀಣೆಯೊಂದಿತ್ತು, ಅಚ್ಯುತರಾಜೇಂದ್ರ ಮೇಳವೀಣೆ. ಅದರ ವಿವರ ಬರುವುದು ರಾಮಾಮಾತ್ಯ 1550ರಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ. ಅಡ್ಡಲಾಗಿ ಕೂರಿಸಿದ ಒಂದೇ ಮೆಟ್ಟಿಲು, ಅಂದರೆ ವೀಣೆಯ ಫ್ರೆಟ್, ನಾಲ್ಕು ತಂತಿಗಳಿಗೂ ಕೆಲಸಕ್ಕೆ ಬರಬೇಕು, ಯಾವ ತಂತಿಯ ಕೆಳಗೆ ಅದು ಯಾವ ಸ್ವರ ಕೊಡಬೇಕು ಅನ್ನುವುದನ್ನು ಅವನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ವೀಣೆಗಳಲ್ಲಿ ಎರಡು ಬಗೆ ಮಾಡುತ್ತಾನೆ: ಎಲ್ಲ ರಾಗಗಳಿಗೂ ಸೇರಿಸಿ ಒಮ್ಮೆಗೇ ಮೆಟ್ಟಿಲು ಕೂರಿಸಿದ್ದು ಸರ್ವರಾಗಮೇಳ, ರಾಗಕ್ಕೆ ತಕ್ಕಂತೆ ಮೆಟ್ಟಿಲು ಸರಿಸಿಕೊಳ್ಳುವುದು ಏಕರಾಗಮೇಳ. ನಿಮ್ಮ ಕೈಯಲ್ಲಿರುವ ಗಿಟಾರ್ ಮೊದಲನೆಯ ಬಗೆಗೆ ಸೇರಿದ್ದು.

ಇವತ್ತಿಗೂ ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ವೀಣೆಗೆ ಮೇಳ ಕಟ್ಟುವವರ ಪಕ್ಕ ಅರ್ಧ ದಿನ ಕುಳಿತು ನೋಡಬೇಕು. ಮಸಿ ಬೆರೆಸಿದ ಕಪ್ಪು ಜೇನುಮೇಣವನ್ನು ಬಿಸಿ ಮಾಡಿ ದಂಡಿಯ ಮೇಲೆ ಎರಡು ದಂಡೆ ಕಟ್ಟುತ್ತಾರೆ. 24 ಲೋಹದ ಮೆಟ್ಟಿಲುಗಳನ್ನು ಅದರ ಮೇಲೆ ಜೋಡಿಸುತ್ತಾರೆ. ಆಮೇಲೆ ತಂತಿಯನ್ನು ಮೆಟ್ಟಿಲಿನ ಮೇಲೆ ಒತ್ತಿ, ಮೀಟಿ, ಕಿವಿಗೊಟ್ಟು ಕೇಳಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಈಚೆ ತಂದು, ಮತ್ತೆ ಮೀಟುತ್ತಾರೆ. ಒತ್ತಿದಾಗ ಬಂದ ನಾದವನ್ನೇ ಕೇಳಿ ಮೆಟ್ಟಿಲಿನ ಜಾಗ ಗೊತ್ತುಮಾಡುವುದರಿಂದ, ಒತ್ತುವಾಗ ಏರುವ ಸ್ವರದ ಲೆಕ್ಕವೂ ಅದರೊಳಗೇ ಸೇರಿಬಿಡುತ್ತದೆ. ಗಿಟಾರಿನಲ್ಲಿ ಹೀಗಾಗುವುದಿಲ್ಲ. ಫ್ರೆಟ್‌ಗಳನ್ನು ಕಾರ್ಖಾನೆಯಲ್ಲಿ ಗಣಿತದ ಪ್ರಕಾರ ಬಡಿದು ಕೂರಿಸಿರುತ್ತಾರೆ: ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ಟಿನ ಜಾಗ. ಮೆಟ್ಟಿಲು ಅಲ್ಲಾಡುವಂತಿಲ್ಲ. ಆದ್ದರಿಂದ ವೀಣೆಯವರು ಮೆಟ್ಟಿಲಿನಲ್ಲಿ ಮಾಡುವ ತಿದ್ದುಪಡಿಯನ್ನು ನಾವು ಕುದುರೆಯ ಕಡೆ, ಅಂದರೆ ಬ್ರಿಜ್‌ನಲ್ಲಿ ಮಾಡಬೇಕು. ಫೆಂಡರ್‌ನವರ 1950ರ ಟೆಲಿಕ್ಯಾಸ್ಟರ್ ವಿನ್ಯಾಸದಲ್ಲಿ ಆರು ತಂತಿಗೆ ಮೂರೇ ಸ್ಯಾಡಲ್ ಇದ್ದವು, ಎರಡು ತಂತಿಗೆ ಒಂದು. 1954ರ ಸ್ಟ್ರಾಟೊಕ್ಯಾಸ್ಟರಿನಲ್ಲಿ ಪ್ರತಿ ತಂತಿಗೂ ತನ್ನದೇ ಸ್ಯಾಡಲ್ ಬಂತು. ಅದೇ ವರ್ಷ ಗಿಬ್ಸನ್‌ನವರ ಟ್ಯೂನೊಮ್ಯಾಟಿಕ್ ಬ್ರಿಜ್ ಕೂಡ ಅದೇ ಸೌಲಭ್ಯ ಕೊಟ್ಟಿತು. ಆ ಪುಟ್ಟ ಸ್ಕ್ರೂಗಳಿರುವುದು ನೀವು ತಿರುಗಿಸಲಿ ಅಂತಲೇ.

ಈಗ ಕೆಲಸ. ಮೊದಲು ಹೊಸ ತಂತಿ ಹಾಕಿ. ನಾನು ಇದನ್ನು ಕಲಿಯುತ್ತಿದ್ದಾಗ ತುಕ್ಕು ಹಿಡಿದ ಹಳೆಯ ತಂತಿಗಳ ಮೇಲೆಯೇ ಎರಡು ಗಂಟೆ ಸ್ಕ್ರೂ ತಿರುಗಿಸಿದ್ದೆ. ಸ್ಯಾಡಲ್ ಕೊನೆ ಮುಟ್ಟಿ ನಿಂತರೂ ಸ್ವರ ಕೂರಲಿಲ್ಲ. ಮರುದಿನ ಹೊಸ ತಂತಿ ಹಾಕಿದ ಮೇಲೆ ಆ ಎರಡು ಗಂಟೆಯ ಕೆಲಸವನ್ನೆಲ್ಲ ಹಿಂದಕ್ಕೆ ತಿರುಗಿಸಬೇಕಾಯಿತು. ಬೆವರು, ಕೊಳೆ, ಫ್ರೆಟ್ಟಿನ ಉಜ್ಜು ಸೇರಿ ಹಳೆಯ ತಂತಿಯ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ. ಅಂಥ ತಂತಿಗೆ ಯಾವ ಸ್ಯಾಡಲ್ಲೂ ಮದ್ದಲ್ಲ. ನೀವು ಯಾವಾಗಲೂ ಬಳಸುವ ಅಳತೆಯ ಸೆಟ್ಟನ್ನೇ ಹಾಕಿ. 9ರ ಸೆಟ್ ಬಿಟ್ಟು 10ಕ್ಕೆ ಹೋದರೆ ಈ ಕೆಲಸವನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕು. ಹಾಕಿದ ತಂತಿಯನ್ನು ಮೆಲ್ಲಗೆ ಎಳೆದೆಳೆದು, ಶ್ರುತಿ ಇಳಿಯುವುದು ನಿಲ್ಲುವವರೆಗೆ ಬಿರಡೆ ಬಿಗಿಯಿರಿ.

ಆಮೇಲೆ ತಂತಿಯ ಎತ್ತರ. ಎತ್ತರ ಜಾಸ್ತಿ ಇದ್ದಷ್ಟೂ ಒತ್ತುವಾಗ ತಂತಿ ಹೆಚ್ಚು ಬಾಗುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಸಣ್ಣ ತಂತಿಗೆ ಸುಮಾರು ಒಂದೂವರೆ, ದಪ್ಪ ತಂತಿಗೆ ಎರಡು ಮಿಲಿಮೀಟರ್ ಸಂದು ಇದ್ದರೆ ಸಾಕು. ಕುತ್ತಿಗೆ ಹೆಚ್ಚು ಬಾಗಿದ್ದರೆ ಅದನ್ನೂ ಮೊದಲೇ ಸರಿಮಾಡಿಸಿ. ಟ್ರಸ್ ರಾಡ್ ತಿರುಗಿಸಿ ಅಭ್ಯಾಸವಿಲ್ಲದಿದ್ದರೆ ಅದೊಂದನ್ನು ತಿಳಿದವರ ಕೈಗೇ ಕೊಡಿ. ಇನ್ನೊಂದು ವಿಷಯ ಬಹಳ ಮಂದಿ ಗಮನಿಸುವುದಿಲ್ಲ: ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೆ ಅದರ ಅಯಸ್ಕಾಂತ ದಪ್ಪ ತಂತಿಯನ್ನು ಎಳೆದು, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ನಡುಗುವಂತೆ ಮಾಡುತ್ತದೆ. ಹಾಗಿದ್ದರೆ ಪಿಕಪ್ ಅನ್ನು ಕೊಂಚ ಕೆಳಗಿಳಿಸಿ.

ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಪರೀಕ್ಷೆ ಮಾಡಬೇಡಿ. ನುಡಿಸುವಾಗ ಹೇಗೆ ಹಿಡಿಯುತ್ತೀರೋ ಹಾಗೇ ತೊಡೆಯ ಮೇಲೆ ಇಟ್ಟುಕೊಂಡು, ಕೇಬಲ್ಲನ್ನು ನೇರವಾಗಿ ಟ್ಯೂನರಿಗೆ ಚುಚ್ಚಿ. ದಪ್ಪ ತಂತಿಯನ್ನು ಬಿಟ್ಟು ಮೀಟಿ, ಮುಳ್ಳು ನಡುವೆ ನಿಲ್ಲುವವರೆಗೆ ಟ್ಯೂನ್ ಮಾಡಿ. ಈಗ ಹನ್ನೆರಡನೇ ಫ್ರೆಟ್ಟಿನ ನೇರಕ್ಕೆ ತಂತಿಗೆ ಬೆರಳು ತಾಗಿಸಿಯೂ ತಾಗಿಸದಂತೆ ಇಟ್ಟು ಮೀಟಿ ಬೆರಳು ಎತ್ತಿ, ಗಂಟೆಯಂಥ ಹಾರ್ಮೋನಿಕ್ ಕೇಳುತ್ತದೆ. ಮುಳ್ಳು ನಡುವೆಯೇ ನಿಲ್ಲಬೇಕು. ಅದೇ ಫ್ರೆಟ್ಟನ್ನು ಈಗ ಒತ್ತಿ ಹಿಡಿದು ಮೀಟಿ. ಮುಳ್ಳು ಬಲಕ್ಕೆ ಹೋದರೆ ಸ್ವರ ಏರಿದೆ, ತಂತಿಗೆ ಉದ್ದ ಸಾಲದು, ಸ್ಯಾಡಲ್ಲನ್ನು ಕುತ್ತಿಗೆಯಿಂದ ದೂರಕ್ಕೆ, ಹಿಂದಕ್ಕೆ ಸರಿಸಬೇಕು. ಎಡಕ್ಕೆ ಹೋದರೆ ಇಳಿದಿದೆ, ಮುಂದಕ್ಕೆ ತರಬೇಕು. ಏರಿದರೆ ಹಿಂದಕ್ಕೆ, ಇಳಿದರೆ ಮುಂದಕ್ಕೆ: ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗಿಟಾರ್ ಪೆಟ್ಟಿಗೆಯೊಳಗೆ ಅಂಟಿಸಿಕೊಳ್ಳಿ.

ಎಷ್ಟು ಸರಿಸಬೇಕು? ಒಂದು ಅರ್ಧಸ್ವರಕ್ಕೆ 100 ಸೆಂಟ್ ಅನ್ನುವುದು ಲೆಕ್ಕ. 648 ಮಿಲಿಮೀಟರಿನ ತಂತಿಯಲ್ಲಿ ಸ್ಯಾಡಲ್ ಒಂದು ಮಿಲಿಮೀಟರ್ ಸರಿದರೆ ಹನ್ನೆರಡನೇ ಫ್ರೆಟ್ಟಿನ ಸ್ವರ, ಬಿಟ್ಟ ತಂತಿಗೆ ಹೋಲಿಸಿದಾಗ, ಎರಡೂವರೆ ಸೆಂಟಿಗಿಂತ ತುಸು ಹೆಚ್ಚು ಬದಲಾಗುತ್ತದೆ. ನಿಮ್ಮ ದಪ್ಪ ತಂತಿ 8 ಸೆಂಟ್ ಏರಿದ್ದರೆ ಮೂರು ಮಿಲಿಮೀಟರ್ ಹಿಂದಕ್ಕೆ ಹೋಗಬೇಕು. ಅಂದರೆ ಸ್ಕ್ರೂವಿನ ಕಾಲು ಸುತ್ತು, ಅರ್ಧ ಸುತ್ತಿನಿಂದ ಏನೂ ಆಗಲಿಲ್ಲವೆಂದು ಕಂಗಾಲಾಗಬೇಡಿ, ಹಲವು ಸುತ್ತು ಬೇಕಾಗುತ್ತದೆ. ತಿರುಗಿಸುವ ಮೊದಲು ಆ ತಂತಿಯನ್ನು ಸ್ವಲ್ಪ ಸಡಿಲಿಸಿ. ಬಿಗಿದ ತಂತಿಯ ಕೆಳಗೆ ಸ್ಯಾಡಲ್ ಎಳೆದರೆ ಸ್ಕ್ರೂವಿನ ತಲೆ ಸವೆಯುತ್ತದೆ, ತಂತಿಯೂ ತುಂಡಾಗಬಹುದು. ಸ್ಟ್ರಾಟ್ ಬ್ರಿಜ್‌ನಲ್ಲಿ ಬಲಕ್ಕೆ ತಿರುಗಿಸಿದರೆ ಸ್ಯಾಡಲ್ ಹಿಂದಕ್ಕೆ ಬರುತ್ತದೆ, ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಬೇರೆ ಬ್ರಿಜ್‌ಗಳಲ್ಲಿ ಸ್ಕ್ರೂ ಉಲ್ಟಾ ಇರಬಹುದು. ಆದ್ದರಿಂದ ಕೈ ತಿರುಗುವ ದಿಕ್ಕನ್ನು ನೆಚ್ಚಬೇಡಿ, ಸ್ಯಾಡಲ್ ಯಾವ ಕಡೆ ಹೋಗುತ್ತಿದೆ ಅಂತ ನೋಡಿ. ಸರಿಸಿದ ಮೇಲೆ ಬಿಟ್ಟ ತಂತಿಯನ್ನು ಮತ್ತೆ ಶ್ರುತಿ ಮಾಡಿ, ಮತ್ತೆ ಹಾರ್ಮೋನಿಕ್, ಮತ್ತೆ ಒತ್ತಿದ ಸ್ವರ. ಒಂದೊಂದು ತಂತಿಗೂ ನಾಲ್ಕೈದು ಸಲ ಹೀಗೆ. ಕೊನೆಗೆ ಮೇಲಿನಿಂದ ನೋಡಿದರೆ ಸ್ಯಾಡಲ್‌ಗಳು ಎರಡು ಮೆಟ್ಟಿಲಸಾಲುಗಳಂತೆ ನಿಂತಿರುತ್ತವೆ: ಸುತ್ತು ಹೊದ್ದ ಮೂರು ದಪ್ಪ ತಂತಿಗಳದ್ದು ಒಂದು ಸಾಲು, ಬರೀ ಉಕ್ಕಿನ ಮೂರು ಸಣ್ಣ ತಂತಿಗಳದ್ದು ಇನ್ನೊಂದು. ನಾಲ್ಕನೇ ತಂತಿಗಿಂತ ಮೂರನೆಯದು ಮತ್ತೆ ಹಿಂದಕ್ಕೆ ಹೋಗಿದ್ದರೆ ಗಾಬರಿ ಬೇಡ, ಅದು ಹಾಗೇ ಇರಬೇಕು.

ಬೆರಳಿನ ದೋಷವೇ ಅಂತ ಕೇಳಿದಿರಿ. ಅದಕ್ಕೂ ಟ್ಯೂನರೇ ಸಾಕ್ಷಿ. ಒಂದೇ ಫ್ರೆಟ್ಟನ್ನು ಮೊದಲು ಹಗುರವಾಗಿ, ಆಮೇಲೆ ಗಟ್ಟಿಯಾಗಿ ಒತ್ತಿ ಮುಳ್ಳು ನೋಡಿ. ಗಟ್ಟಿ ಒತ್ತಿದಾಗ ಹತ್ತು ಸೆಂಟಿನಷ್ಟು ಏರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇನ್ನು ಹನ್ನೆರಡನೇ ಫ್ರೆಟ್ ಕೂತ ಮೇಲೂ ಒಂದನೆಯದು, ಎರಡನೆಯದು ಏರಿಯೇ ಇದ್ದರೆ ತಪ್ಪಿರುವುದು ಆ ತುದಿಯಲ್ಲಿ, ನಟ್‌ನಲ್ಲಿ ತಂತಿ ಕೂರುವ ತೋಡಿನ ಆಳ ಸಾಲದು. ಅದಕ್ಕೆ ಸಣ್ಣ ಅರವೇ ಬೇಕು, ಅನುಭವವಿದ್ದವರೇ ಮಾಡಬೇಕು. ಒಂದು ಉಜ್ಜು ಹೆಚ್ಚಾದರೆ ಹೊಸ ನಟ್ಟೇ ಗತಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಎಷ್ಟೇ ಚೆನ್ನಾಗಿ ಕೂರಿಸಿದರೂ ಗಿಟಾರಿನ ಗಾಂಧಾರ ತಂಬೂರಿಯ ಗಾಂಧಾರ ಆಗುವುದಿಲ್ಲ. ತಂಬೂರಿಯ ನಾದದೊಳಗಿಂದ ತಾನಾಗಿ ಏಳುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲಿದೆ. ಫ್ರೆಟ್ ಕೊಡುವುದು 400. ಹನ್ನೆರಡು ಮನೆಗಳನ್ನು ಸಮವಾಗಿ ಹಂಚಿಕೊಂಡದ್ದಕ್ಕೆ ನಾವು ತೆರುವ ಬೆಲೆ ಅದು. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಕಿವಿಗೆ ಬೀಳುವುದೂ ಕಷ್ಟ. ಮ್ಯಾಂಡೊಲಿನ್ ಮೇಲೆ ಯು. ಶ್ರೀನಿವಾಸ್, ಗಿಟಾರ್ ಮೇಲೆ ಪ್ರಸನ್ನ ಕರ್ನಾಟಕ ಸಂಗೀತ ನುಡಿಸಿದ್ದನ್ನು ಕೇಳಿ. ತಂತಿಯನ್ನು ಎಳೆದು, ಜಾರಿಸಿ ಗಮಕ ತಂದಾಗ ಸ್ವರದ ನೆಲೆಯನ್ನು ನಿರ್ಧರಿಸುವುದು ಕಿವಿ, ಫ್ರೆಟ್ಟಲ್ಲ. ಆದರೆ ನಿಮ್ಮ ಆರ್ಕೆಸ್ಟ್ರಾದಲ್ಲಿ ಈ ತೊಂದರೆ ಬಾರದು. ಕೀಬೋರ್ಡ್ ಕೂಡ ಅದೇ ಸಮ ಹಂಚಿಕೆಯದು, ಇಬ್ಬರ ಗಾಂಧಾರವೂ ಒಂದೇ ಕಡೆ ಇರುತ್ತದೆ.

ಕೆಲಸ ಮುಗಿದ ಮೇಲೆ ಆ ಅಣ್ಣನನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿ. ಅವರು ಕೀಬೋರ್ಡಿನಲ್ಲಿ ನಡುವಿನ ಸಿ ಮನೆಗಿಂತ ಕೆಳಗಿನ ಇ ಒತ್ತಿ ಹಿಡಿಯಲಿ, ಆರ್ಗನ್ ದನಿ ಇದ್ದರೆ ಒಳ್ಳೆಯದು. ಅದು ಸೆಕೆಂಡಿಗೆ 164.8 ಕಂಪನ. ನೀವು ದಪ್ಪ ತಂತಿಯ ಹನ್ನೆರಡನೇ ಫ್ರೆಟ್ ಒತ್ತಿ ಮೀಟಿ. 8 ಸೆಂಟ್ ವ್ಯತ್ಯಾಸವಿದ್ದರೆ ಎರಡೂ ನಾದ ಸೇರಿ ನಾಲ್ಕು ಸೆಕೆಂಡಿಗೆ ಮೂರು ಸಲ ಅಲೆ ಎದ್ದು ಬೀಳುವುದು ಕೇಳುತ್ತದೆ. ಸ್ಯಾಡಲ್ ಹಿಂದಕ್ಕೆ ಹೋಗಿ ತಂತಿ ಮತ್ತೆ ಶ್ರುತಿಗೆ ಬಂದಂತೆಲ್ಲ ಆ ಅಲೆ ನಿಧಾನವಾಗುತ್ತದೆ, ಉದ್ದವಾಗುತ್ತದೆ, ಆಮೇಲೆ ಎಣಿಸಲು ಏನೂ ಉಳಿಯುವುದಿಲ್ಲ.