ಬಿಕ್ಕಟ್ಟಿನ ಕಾಲದ ಕಟ್ಟಡಗಳು ಮತ್ತು ಭಿತ್ತಿಚಿತ್ರಗಳು

ಭವ್ಯವಾದ ಕಟ್ಟಡವನ್ನು ನೋಡುವವರು ಅದರ ಎತ್ತರವನ್ನೂ ಕಂಬಗಳನ್ನೂ ಕೆತ್ತನೆಯನ್ನೂ ಮೆಚ್ಚುತ್ತಾರೆ. ಅದನ್ನು ಕಟ್ಟಿದವರ ಮನೆಯಲ್ಲಿ ಅಂದು ಒಲೆ ಉರಿದಿತ್ತೇ ಎಂದು ಕೇಳುವವರು ವಿರಳ. ಕ್ಷಾಮ ಅಥವಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಸರಕಾರವೇ ದುಡಿಮೆಯನ್ನು ಒದಗಿಸಿ ಮಾಡಿಸಿದ ಕಾಮಗಾರಿಗಳ ವಿಷಯದಲ್ಲಿ ಈ ಪ್ರಶ್ನೆಯೇ ಮೊದಲನೆಯದಾಗಬೇಕು.

ನಮ್ಮ ನಾಡಿನ ಅನುಭವ

ಇಂತಹ ಕಾಮಗಾರಿ ಕನ್ನಡ ನಾಡಿಗೆ ಹೊಸದಲ್ಲ. 1876–78ರ ಮಹಾಕ್ಷಾಮದಲ್ಲಿ ಕೆರೆ, ರಸ್ತೆ, ರೈಲುಮಾರ್ಗಗಳ ಕೆಲಸಕ್ಕೆ ಹಸಿದವರನ್ನು ಹಚ್ಚಲಾಯಿತು. ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸ ಹೀಗೆಯೇ ಆರಂಭವಾಯಿತು. ಆದರೆ ಆಳಿಗೆ ಸಂದ ಕೂಲಿ ಎಷ್ಟು? ಬಳ್ಳಾರಿಯನ್ನೊಳಗೊಂಡ ಮದ್ರಾಸ್ ಪ್ರಾಂತದಲ್ಲಿ 1877ರ ಆರಂಭಕ್ಕೆ ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ್ದು ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು ಅರ್ಧ ಸೇರು, ಧಾನ್ಯ ಮತ್ತು ಒಂದಾಣೆ. ದಿನವಿಡೀ ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಆ ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಶ್ ಪ್ರತಿಭಟಿಸಿದರು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಈ ದಾರುಣ ಪಾಠದ ಫಲವಾಗಿ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂದಿತು; ಅದರ ಆಧಾರದ ಮೇಲೆ ಕ್ಷಾಮ ಸಂಹಿತೆಗಳು ರೂಪುಗೊಂಡವು.

ಅಮೆರಿಕದ ಪ್ರಯೋಗ

ಇದಾದ ಅರ್ಧ ಶತಮಾನದ ನಂತರ, 1929ರ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ವೇಳೆಗೆ ಅಮೆರಿಕದ ದುಡಿಯುವ ಜನರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿಗಳಾಗಿದ್ದರು. ಆ ವರ್ಷ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಲೋಕೋಪಯೋಗಿ ಕಾಮಗಾರಿಗಳನ್ನು ವಿಶಾಲ ಪ್ರಮಾಣದಲ್ಲಿ ಕೈಗೊಂಡರು. 1935ರಿಂದ 1943ರವರೆಗೆ ನಡೆದ ಡಬ್ಲ್ಯು.ಪಿ.ಎ. ಎಂಬ ಸಂಸ್ಥೆಯೊಂದೇ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ಶಾಲೆ, ಆಸ್ಪತ್ರೆ, ಗ್ರಂಥಾಲಯ, ಸೇತುವೆ, ಉದ್ಯಾನಗಳು ದೇಶದುದ್ದಕ್ಕೂ ಎದ್ದವು.

ಇದರಲ್ಲಿ ವಿಶೇಷವೆಂದರೆ ಚಿತ್ರಕಾರನೂ ಕೂಲಿಕಾರನ ಸಾಲಿನಲ್ಲಿ ನಿಂತದ್ದು. 1920ರ ದಶಕದಲ್ಲಿ ಮೆಕ್ಸಿಕೊ ಸರಕಾರ ಕಲಾವಿದರಿಂದ ಸಾರ್ವಜನಿಕ ಗೋಡೆಗಳ ಮೇಲೆ ಚಿತ್ರ ಬರೆಸಿತ್ತು. 1933ರ ಮೇ ತಿಂಗಳಲ್ಲಿ ಜಾರ್ಜ್ ಬಿಡ್ಲ್ ಎಂಬ ಕಲಾವಿದ ಈ ನಿದರ್ಶನವನ್ನು ತನ್ನ ಸಹಪಾಠಿಯಾಗಿದ್ದ ರೂಸ್‌ವೆಲ್ಟರ ಗಮನಕ್ಕೆ ತಂದ. ಅದೇ ಡಿಸೆಂಬರದಲ್ಲಿ ಮೊದಲ ಯೋಜನೆ ಆರಂಭವಾಯಿತು. ಮುಂದೆ ಎರಡು ಬೇರೆ ಬೇರೆ ಮಾರ್ಗಗಳು ತೆರೆದವು. ಒಂದರಲ್ಲಿ ಹೊಸ ಸರಕಾರಿ ಕಟ್ಟಡಗಳ ವೆಚ್ಚದ ಸುಮಾರು ಶೇಕಡಾ 1 ಭಾಗವನ್ನು ಕಲೆಗೆ ಮೀಸಲಿಟ್ಟು, ಹೆಸರನ್ನು ಮರೆಮಾಡಿದ ಸ್ಪರ್ಧೆಗಳ ಮೂಲಕ ಕಲಾವಿದರನ್ನು ಆರಿಸಲಾಯಿತು. ಸಣ್ಣ ಸಣ್ಣ ಊರುಗಳ ಅಂಚೆ ಕಚೇರಿಗಳ ಚಿತ್ರಗಳು ಹೀಗೆ ಬಂದವು. ಇನ್ನೊಂದು, ಡಬ್ಲ್ಯು.ಪಿ.ಎ.ಯ ಕಲಾ ಯೋಜನೆ. ಅಲ್ಲಿ ಕೆಲಸವಿಲ್ಲದ ಕಲಾವಿದನಿಗೆ ಜೀವನಾಧಾರ ಕಲ್ಪಿಸುವುದೇ ಮುಖ್ಯವಾಗಿತ್ತು.

ಸುಣ್ಣದ ಮಹಿಮೆ

ಈ ಚಿತ್ರಗಳಲ್ಲಿ ಕೆಲವನ್ನು ಬಟ್ಟೆಯ ಮೇಲೆ ಬರೆದು ಗೋಡೆಗೆ ಅಂಟಿಸಿದರು. ಕೆಲವನ್ನು ಹಸಿ ಗಾರೆಯ ಮೇಲೆಯೇ ಬರೆದರು. ಈ ಎರಡನೆಯ ವಿಧಾನ ಆಡಕಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಭಾಗದ ಓದುಗರಿಗೆ ಸುಲಭವಾಗಿ ತಿಳಿಯತಕ್ಕದ್ದು. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗೋಡೆಗೆ ಗಿಲಾವು ಮಾಡುತ್ತಾರೆ. ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣ ಅದರೊಳಗೆ ಬಂಧಿತವಾಗುತ್ತದೆ. ಆದುದರಿಂದ ಒಂದು ದಿನದಲ್ಲಿ ಮುಗಿಸಬಲ್ಲಷ್ಟು ಗೋಡೆಗೆ ಮಾತ್ರ ಗೌಂಡಿ ಗಾರೆ ಹಚ್ಚಬೇಕು. ಗೌಂಡಿ ತಪ್ಪಿದರೆ ಚಿತ್ರಕಾರನೂ ಸೋತಂತೆಯೇ. ಭೀಮಾ ತೀರದ ಸುಣ್ಣಕಲ್ಲು ನಮಗೆ ಫರಸಿಯಾಗಿಯೂ ಸಿಮೆಂಟಾಗಿಯೂ ಪರಿಚಿತ. ಅದೇ ಮುಗ್ಗಟ್ಟಿನ ದಶಕದಲ್ಲಿ, 1936ರಲ್ಲಿ, ಎ.ಸಿ.ಸಿ. ಸಂಸ್ಥೆ ರೂಪುಗೊಂಡಾಗ ಅದರಲ್ಲಿ ವಿಲೀನವಾದ ಕಂಪನಿಗಳ ಪೈಕಿ ಶಹಾಬಾದ ಸಿಮೆಂಟ್ ಕಂಪನಿಯೂ ಒಂದಾಗಿತ್ತು.

ಗೋಡೆಯ ಮೇಲೆ ಯಾರಿರಬೇಕು?

ಕೂಲಿ ದೊರೆತ ಮಾತ್ರಕ್ಕೆ ವಿವಾದ ತಪ್ಪಲಿಲ್ಲ. ಸಾನ್ ಫ್ರಾನ್ಸಿಸ್ಕೊದ ಕಾಯ್ಟ್ ಗೋಪುರದಲ್ಲಿ 1934ರಲ್ಲಿ ಹೊಲ, ಕಾರ್ಖಾನೆ, ಬೀದಿಗಳ ದೃಶ್ಯಗಳು ಮೂಡಿದವು. ಬಂದರಿನ ಕಾರ್ಮಿಕರ ಮುಷ್ಕರದ ಆ ದಿನಗಳಲ್ಲಿ ಚಿತ್ರಗಳಲ್ಲಿನ ಎಡಪಂಥೀಯ ಸಂಕೇತಗಳು ಗದ್ದಲವೆಬ್ಬಿಸಿದವು. ಗೋಪುರದ ಬಾಗಿಲು ತಿಂಗಳುಗಟ್ಟಲೆ ಮುಚ್ಚಿತ್ತು. ಒಂದು ಸಂಕೇತವನ್ನು ಅಳಿಸಿದ ಬಳಿಕವೇ ಜನರಿಗೆ ಪ್ರವೇಶ ದೊರೆಯಿತು.

1936ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಗೆ ಚಾರ್ಲ್ಸ್ ಆಲ್‌ಸ್ಟನ್ ಮೊದಲಾದ ಕಪ್ಪು ಜನಾಂಗದ ಕಲಾವಿದರು ಸಿದ್ಧಪಡಿಸಿದ ರೂಪರೇಷೆಗಳಲ್ಲಿ ಕಪ್ಪು ಜನರ ಚಿತ್ರಗಳು ಹೆಚ್ಚಾದವೆಂದು ಆಸ್ಪತ್ರೆಯ ಮೇಲಧಿಕಾರಿ ತಿರಸ್ಕರಿಸಿದ. ಕಪ್ಪು ಜನರೇ ಬಹುಸಂಖ್ಯೆಯಲ್ಲಿ ವಾಸಿಸುವ ಬಡಾವಣೆಯ ಆಸ್ಪತ್ರೆಯದು! ಕಲಾವಿದರು ಒಗ್ಗಟ್ಟಾಗಿ ಪ್ರತಿಭಟಿಸಿ ಗೆದ್ದರು. ಚಿತ್ರಗಳು ಗೋಡೆ ಏರಿದವು.

ಎಲ್ಲ ಕೃತಿಗಳಿಗೂ ಈ ಭಾಗ್ಯ ಒದಗಲಿಲ್ಲ. ಯುದ್ಧದ ಕಾಲದಲ್ಲಿ ಯೋಜನೆಗಳು ಮುಗಿದಾಗ ನ್ಯೂಯಾರ್ಕಿನಲ್ಲಿ ರಾಶಿ ಬಿದ್ದ ಚಿತ್ರಪಟಗಳನ್ನು ರದ್ದಿಯಂತೆ ತೂಕಕ್ಕೆ ಮಾರಲಾಯಿತು. ಎಷ್ಟೋ ಗೋಡೆಗಳ ಮೇಲೆ ಬಣ್ಣ ಬಳಿಯಲಾಯಿತು.

ಪಾಠ

ಎರಡು ದೇಶಗಳ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. 1877ರಲ್ಲಿ ಹಸಿದವನ ಕುಶಲತೆಯನ್ನು ವಿಚಾರಿಸಿದ್ದು ಕಡಿಮೆ. ನೇಕಾರನೂ ಕಲ್ಲು ಒಡೆದ, ಒಕ್ಕಲಿಗನೂ ಮಣ್ಣು ಹೊತ್ತ. 1935ರಲ್ಲಿ ಚಿತ್ರಕಾರನಿಗೆ ಕುಂಚವನ್ನೇ ಕೊಟ್ಟರು. ಕಾಯಕವೆಂಬ ಮಾತನ್ನು ಕೇಳುತ್ತ ಬೆಳೆದ ನಾಡಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

1972ರ ಬರದಲ್ಲಿ ಕಾಮಗಾರಿಗೆ ಹೋದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತರಿ ಯೋಜನೆ ಮೊದಲು ಜಾರಿಯಾದ 200 ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯೂ ಸೇರಿತ್ತು. ತಮ್ಮೂರಿನ ಯಾವ ಕೆರೆ, ಯಾವ ರಸ್ತೆ ಬರಗಾಲದಲ್ಲಿ ಆದದ್ದು, ಅಂದು ಅಲ್ಲಿ ಯಾರು ಯಾರು ದುಡಿದರು ಎಂಬುದನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ಬರೆದಿಡಬಹುದು. ಅಮೆರಿಕದ ಗೋಡೆಗಳ ಮೂಲೆಯಲ್ಲಿ ಬರೆದವರ ಹೆಸರುಗಳಿವೆ. ನಮ್ಮ ಕೆರೆಯ ಏರಿಗಳ ಮೇಲೆ ಹೆಸರಿಲ್ಲ. ನೆನಪುಳ್ಳವರು ಇರುವಾಗಲೇ ಆ ಕೊರತೆಯನ್ನು ತುಂಬಿಕೊಳ್ಳುವುದು ಶಾಲೆಯೊಂದಕ್ಕೆ ಒಪ್ಪುವ ಕೆಲಸ.