ಅಡುಗೆಮನೆಯ ಅಲಾರಂ ಕೂಗಲಿಲ್ಲ

ಬಾಡಿಗೆಮನೆಯ ಬಚ್ಚಲಿನ ಗವಾಕ್ಷಿಗೆ ಪ್ಲಾಸ್ಟಿಕ್ ಚೀಲ ತುರುಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಮನೆ ಮಾಲೀಕರನ್ನೂ ಗ್ಯಾಸ್ ಏಜೆನ್ಸಿಯವರನ್ನೂ ಬೈಯುವುದಿದೆ.

ಶಿವಮೊಗ್ಗದ ಗೋಪಾಳದಲ್ಲಿ ಆ ಮನೆ. ಆಷಾಢದ ಮಳೆಯ ಇರಚಲು ನೇರ ಬಚ್ಚಲೊಳಗೇ ಹೊಡೆಯುತ್ತಿತ್ತು. ಒಳಗೆ ಗೋಡೆಗೆ ಗ್ಯಾಸ್ ಗೀಸರ್, ಸಿಲಿಂಡರ್ ಮಾತ್ರ ಹೊರಗೆ. ಸಿಲಿಂಡರೇ ಹೊರಗಿದ್ದ ಮೇಲೆ ಭಯವೇನು ಎಂಬ ಧೈರ್ಯ ನನ್ನದು. ಸಾಲದ್ದಕ್ಕೆ ಅಡುಗೆಮನೆಗೆ ಗ್ಯಾಸ್ ಲೀಕ್ ಅಲಾರಂ ತಂದು ಹಾಕಿ, ಬಂದವರಿಗೆಲ್ಲ ತೋರಿಸುತ್ತಿದ್ದೆ.

ಮೆಚ್ಚದವರು ಅಪ್ಪ ಒಬ್ಬರೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. “ಫರ್ನೇಸ್ ಗ್ಯಾಸಿಗೆ ವಾಸನೆ ಇರಲ್ಲ ಕಣೇ. ಮನುಷ್ಯ ಕೂತಲ್ಲೇ ಹೋಗಿಬಿಡ್ತಾನೆ. ಗಾಳಿ ಸಾಲದೆ ಉರಿದ್ರೆ ನಿನ್ನ ಗೀಸರೂ ಅದನ್ನೇ ಬಿಡೋದು. ಹೊರಗೆ ಹಾಕ್ಸು” ಎಂದರು. “ಇದು ಫ್ಯಾಕ್ಟರಿ ಅಲ್ಲಪ್ಪ, ಬಚ್ಚಲುಮನೆ” ಎಂದು ನಕ್ಕೆ. ಆದರೂ ಮಾಲೀಕರನ್ನು ಒಂದು ಮಾತು ಕೇಳಿದೆ. ಗೋಡೆಗೆ ತೂತು ಹೊಡೆಯುವ ಹಾಗಿಲ್ಲ, ಅಗ್ರಿಮೆಂಟಿನಲ್ಲೇ ಇದೆ ಎಂದರು. ತಪಾಸಣೆಗೆಂದು ಏಜೆನ್ಸಿಯಿಂದ ಬಂದವನು ಒಲೆ ನೋಡಿದ, ಪೈಪು ಮುಟ್ಟಿದ, ಸಹಿ ಹಾಕಿಸಿಕೊಂಡು ಹೋದ. ಬಚ್ಚಲ ಕಡೆ ತಲೆಯನ್ನೂ ಹಾಕಲಿಲ್ಲ.

ಪಿಯುಸಿ ಓದುತ್ತಿದ್ದ ಮಗಳು ಮೂರು ದಿನದಿಂದ ಸ್ನಾನ ಮುಗಿಸಿ ಬಂದವಳೇ ತಲೆನೋವು, ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದಳು. ರಾತ್ರಿಯೆಲ್ಲ ಮೊಬೈಲ್ ನೋಡಿದರೆ ಇನ್ನೇನಾಗುತ್ತದೆ ಎಂದು ಮೊಬೈಲ್ ಕಿತ್ತಿಟ್ಟೆ.

ನಾಲ್ಕನೆಯ ಬೆಳಿಗ್ಗೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಮಗ್ಗಿನ ಸದ್ದು ನಿಂತದ್ದು ಯಾವಾಗಲೋ ಗೊತ್ತಿಲ್ಲ. ಬಕೆಟ್ ತುಂಬಿ ನೀರು ಚೆಲ್ಲುವ ಸದ್ದೊಂದೇ ಕೇಳುತ್ತಿತ್ತು. ನೀರು ದಂಡ ಮಾಡುತ್ತಾಳೆ ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಬಾಗಿಲು ಬಡಿದೆ. ಉತ್ತರವಿಲ್ಲ. ಒಳಗೆ ಗೀಸರ್ ಗುಂಯ್ ಎನ್ನುತ್ತಲೇ ಇತ್ತು. ನನ್ನವರು ಓಡಿಬಂದು ಒದ್ದರು. ಮೂರನೇ ಏಟಿಗೆ ಚಿಲಕದ ಸ್ಕ್ರೂಗಳು ಕಿತ್ತುಬಂದವು. ಹುಡುಗಿ ಗೋಡೆಗೊರಗಿ ಕೂತಿದ್ದಳು, ಕತ್ತು ವಾಲಿತ್ತು. ಅಪ್ಪ ಹೇಳಿದ ಹಾಗೆಯೇ, ಕೂತಲ್ಲೇ. ಟವೆಲ್ ಸುತ್ತಿ ಜಗುಲಿಗೆ ಎಳೆದು ತಂದೆವು. ಮಳೆಯ ತಣ್ಣನೆ ಗಾಳಿ ಬಡಿದು, ಎಷ್ಟೋ ಹೊತ್ತಿಗೆ ಕೆಮ್ಮಿದಳು. ಆ ಹೊತ್ತು ಎರಡು ನಿಮಿಷವೋ ಐದೋ, ಇವತ್ತಿಗೂ ಹೇಳಲಾರೆ. ಗೀಸರ್ ಆರಿಸಲು ಒಳಗೆ ಓಡಿದಾಗ ಕಂಡದ್ದು: ಅಡುಗೆಮನೆಯ ಅಲಾರಂ ಹಸಿರು ದೀಪ ಉರಿಸಿಕೊಂಡು ನಿಶ್ಚಿಂತೆಯಿಂದಿತ್ತು.

ಮೆಗ್ಗಾನ್ ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಆಮ್ಲಜನಕ ಕೊಟ್ಟರು. ಭದ್ರಾವತಿಯಿಂದ ಬಸ್ ಹತ್ತಿ ಬಂದ ಅಪ್ಪ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: “ಕಾರ್ಬನ್ ಮೊನಾಕ್ಸೈಡ್ ಅಲ್ವಾ?” ಡಾಕ್ಟರ್ ಹೌದೆಂದರು. ನನ್ನ ಕಡೆ ಅಪ್ಪ ನೋಡಲಿಲ್ಲ.

ಅಲಾರಂ ಕೆಟ್ಟಿರಲಿಲ್ಲ. ಅದು ಸೋರಿದ ಅಡುಗೆ ಅನಿಲಕ್ಕೆ ಕೂಗುವಂಥದ್ದು. ನಮ್ಮಲ್ಲಿ ಏನೂ ಸೋರಿರಲಿಲ್ಲ. ಸೋರಿದರೆ ತಿಳಿಯಲೆಂದೇ ಸಿಲಿಂಡರಿನ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ. ಗಾಳಿ ಸಾಲದೆ ಅರೆಬರೆ ಉರಿದು ಹುಟ್ಟುವ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ.

ಬಾಡಿಗೆಗೆ ಇರುವವರಿಗೆ ನನ್ನ ಮಾತು ಇಷ್ಟೇ. ಗ್ಯಾಸ್ ಗೀಸರ್ ಬಚ್ಚಲೊಳಗೆ ಬೇಡ. ಮಾಲೀಕರು ಒಪ್ಪದಿದ್ದರೆ ಒಲೆಯ ಮೇಲೆ ನೀರು ಕಾಯಿಸಿ. ಗವಾಕ್ಷಿ ಮುಚ್ಚಬೇಡಿ. ಮೊನಾಕ್ಸೈಡ್ ಅಲಾರಂ ಬೇರೆಯೇ ಸಿಗುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಲೀಕ್ ಅಲಾರಂ ನೆಲದ ಹತ್ತಿರ ಇರಲಿ. ರಬ್ಬರ್ ಪೈಪನ್ನು ಐದು ವರ್ಷದೊಳಗೆ ಬದಲಿಸಿ. ಸೋರಿದರೆ 1906, ಯಾರಾದರೂ ಬಿದ್ದರೆ ಮೊದಲು ಬಯಲಿಗೆ ತಂದು 108. ಸ್ನಾನದ ನಂತರದ ತಲೆನೋವನ್ನು ಮೊಬೈಲಿನ ತಲೆಗೆ ಕಟ್ಟಬೇಡಿ.

ಮನೆ ಬಿಡುವಾಗ ಮಾಲೀಕರು ಮುರಿದ ಬಾಗಿಲಿನ ದುಡ್ಡನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಜಗಳವಾಡಲಿಲ್ಲ. ಅಷ್ಟು ಕಳಪೆ ಬಾಗಿಲು ಹಾಕಿಸಿದ್ದೊಂದೇ ಅವರು ನಮಗೆ ಮಾಡಿದ ಉಪಕಾರ.