95 ಸಾಕೇ, 100 ಬೇಕೇ?

ಲಕ್ಷಗಟ್ಟಲೆ ಸುರಿದು ಟರ್ಬೊ ಕಾರು ತಂದವರು ಬಂಕ್‌ಗೆ ಹೋದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ‘ನಾರ್ಮಲ್ಲಾ, ಪ್ರೀಮಿಯಮ್ಮಾ ಸಾರ್?’ ಹೆಚ್ಚಿನವರು ಜೇಬು ನೋಡಿ ಇಲ್ಲವೇ ಪ್ರತಿಷ್ಠೆ ನೋಡಿ ಉತ್ತರಿಸುತ್ತಾರೆ. ಆದರೆ ಉತ್ತರ ಇರುವುದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ.

ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿಯಲ್ಲ, ಅದರ ತಾಳ್ಮೆ. ಸಿಲಿಂಡರಿನೊಳಗೆ ಒತ್ತಡ, ಬಿಸಿ ಏರಿದಾಗ ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ತಲುಪುವವರೆಗೂ ಮಿಶ್ರಣ ಕಾಯಬೇಕು. ಕಾಯದೆ ತಾನಾಗಿಯೇ ಸಿಡಿದರೆ ಅದೇ ನಾಕಿಂಗ್. ಡಬ್ಬಿಯಲ್ಲಿ ಗೋಲಿ ಅಲುಗಾಡಿಸಿದಂಥ ಸದ್ದು ಬರುತ್ತದೆ. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬುವುದರಿಂದ ಅದಕ್ಕೆ ತಾಳ್ಮೆಯ ಇಂಧನ ಬೇಕು. ನಿಮ್ಮ ಎಂಜಿನ್ ಅಷ್ಟು ಒತ್ತುವುದೇ ಇಲ್ಲವಾದರೆ ಹೆಚ್ಚಿನ ಆಕ್ಟೇನ್‌ಗೆ ಕೊಟ್ಟ ಹಣ ಹೊಗೆಯ ಜೊತೆ ಹೋಗುತ್ತದೆ.

ಮೊದಲು ಮುಚ್ಚಳ, ಆಮೇಲೆ ಕೈಪಿಡಿ

ಮುಚ್ಚಳದ ಚೀಟಿಯಲ್ಲಿ ‘ಆರ್‌ಒಎನ್ 91’, ‘ಆರ್‌ಒಎನ್ 95’ ಎಂಬಂಥ ಆಕ್ಟೇನ್ ಸಂಖ್ಯೆಯ ಬರಹ ಹುಡುಕಿ. ಕೈಪಿಡಿಯಲ್ಲಿ ಎರಡು ಸಂಖ್ಯೆಗಳಿರಬಹುದು: ಒಂದು ಕನಿಷ್ಠ, ಇನ್ನೊಂದು ಶಿಫಾರಸು. ಕನಿಷ್ಠಕ್ಕಿಂತ ಕೆಳಗಿಳಿಯಲೇಬಾರದು. ಕನಿಷ್ಠ ಹಾಕಿದರೆ ಕಾರು ಓಡುತ್ತದೆ, ಆದರೆ ಜಾಹೀರಾತಿನಲ್ಲಿ ಹೇಳಿದ ಅಷ್ಟೂ ಕುದುರೆಶಕ್ತಿ ಸಿಗಲಿಕ್ಕಿಲ್ಲ. ಅದು ಸಿಗುವುದು ಶಿಫಾರಸಿನ ಸಂಖ್ಯೆಗೆ.

ಅಮೆರಿಕದ ವಿಡಿಯೊ ನೋಡಿ ತೀರ್ಮಾನಿಸುವವರು ಸ್ವಲ್ಪ ನಿಲ್ಲಿ. ಅಲ್ಲಿನ ಪಂಪ್‌ಗಳಲ್ಲಿ ಕಾಣುವುದು ಎರಡು ಬೇರೆ ಪರೀಕ್ಷೆಗಳ ಸರಾಸರಿ ಸಂಖ್ಯೆ. ಅಲ್ಲಿನ 87 ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 91–92, ಅಲ್ಲಿನ 91 ಎಂದರೆ ಸುಮಾರು 95–96. ‘ಅಣ್ಣ ಟೆಕ್ಸಾಸ್‌ನಲ್ಲಿ 91 ಹಾಕ್ತಾನೆ, ನನಗೂ ಸಾಕು’ ಎನ್ನುವ ಹೋಲಿಕೆ ಹಾಗಾಗಿ ನಿಲ್ಲುವುದಿಲ್ಲ.

ಬಂಕ್‌ನಲ್ಲಿ ಹೆಸರಲ್ಲ, ಸಂಖ್ಯೆ ಕೇಳಿ

‘ಪ್ರೀಮಿಯಂ’ ಎಂಬುದು ಆಕ್ಟೇನ್ ಅಲ್ಲ. ಎಂಜಿನ್ ಸ್ವಚ್ಛವಾಗಿಡುವ ರಾಸಾಯನಿಕ ಬೆರೆಸಿದರೂ ಆ ಹೆಸರು ಬರಬಹುದು. ಭಾರತ್ ಪೆಟ್ರೋಲಿಯಂನ ‘ಸ್ಪೀಡ್’ ಬೇರೆ, ‘ಸ್ಪೀಡ್ 97’ ಬೇರೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಎಕ್ಸ್‌ಪಿ100, ಎಚ್‌ಪಿಯ ಪವರ್ 99 ಇವುಗಳಲ್ಲಿ ಹೆಸರಿನಲ್ಲೇ ಸಂಖ್ಯೆ ಇದೆ. ಎಕ್ಸ್‌ಪಿ100 ಬಿಡುಗಡೆಯಾದದ್ದು 2020ರ ಡಿಸೆಂಬರ್‌ನಲ್ಲಿ. ಆಗ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ. ಲೀಟರಿಗೆ 50 ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೂ 40 ಲೀಟರಿಗೆ 2,000 ರೂಪಾಯಿ ಹೆಚ್ಚುವರಿ ಖರ್ಚು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವುದಕ್ಕೆ ಅಷ್ಟು ಕೊಡಬೇಕೇ, ನೀವೇ ಹೇಳಿ.

ಇ20 ಬಂದ ಮೇಲೆ ಲೆಕ್ಕ ಬದಲಾಗಿದೆ

ಬಿಎಸ್‌6 ಪೆಟ್ರೋಲಿನ ಕನಿಷ್ಠ ಆಕ್ಟೇನ್ 91. ಶೇ 20 ಎಥನಾಲ್ ಬೆರೆಸಿದ ಮೇಲೆ ಅದು 95ಕ್ಕೆ ಏರಿದೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಹೇಳಿತು. ಎಥನಾಲ್‌ನ ಆಕ್ಟೇನ್ ಸುಮಾರು 108 ಇರುವುದರಿಂದ ಇದು ಸಹಜವೇ. ಹಾಗಾದರೆ 95 ಬೇಕೆನ್ನುವ ಕಾರಿಗೆ ಸಾದಾ ಪೆಟ್ರೋಲೇ ಸಾಕಲ್ಲವೇ? ನಾಕಿಂಗ್ ಮಟ್ಟಿಗೆ ಹೌದು. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ, ಮೈಲೇಜ್ ಇಳಿಯುತ್ತದೆ. ಜೊತೆಗೆ ರಬ್ಬರ್ ಕೊಳವೆ, ಸೀಲುಗಳು ಅದನ್ನು ತಾಳಬೇಕು. 2023ರ ಏಪ್ರಿಲ್‌ಗಿಂತ ಹಳೆಯ ಕಾರಾಗಿದ್ದರೆ ಆಕ್ಟೇನ್ ನೋಡಿದಂತೆಯೇ ಎಥನಾಲ್ ಮಿತಿಯನ್ನೂ ಕೈಪಿಡಿಯಲ್ಲಿ ನೋಡಿ. ಇವು ಎರಡು ಬೇರೆ ಪ್ರಶ್ನೆಗಳು, ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಆಗುವುದಿಲ್ಲ. ಎಥನಾಲ್ ಬೇಡವೆಂದೇ 100ರ ಪಂಪ್ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಹಾಕಿಸುವ ಮೊದಲು ಅದರಲ್ಲಿ ಎಥನಾಲ್ ಇದೆಯೇ ಎಂದು ಬಂಕ್‌ನಲ್ಲೇ ಕೇಳಿಕೊಳ್ಳಿ.

ನಿಮ್ಮ ಕಾರಿನಲ್ಲೇ ಪರೀಕ್ಷಿಸಿ

ಇಂದಿನ ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಸಿಡಿತ ಶುರುವಾದ ಕೂಡಲೇ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಸ್ಪಾರ್ಕ್ ಕೊಡುವುದನ್ನು ತುಸು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಕುಗ್ಗುತ್ತದೆ, ನಿಮಗೆ ಸದ್ದೂ ಕೇಳಿಸುವುದಿಲ್ಲ. ಹಾಗಾಗಿ ಕಿವಿಯನ್ನಷ್ಟೇ ನಂಬಬೇಡಿ. ಡ್ಯಾಶ್‌ಬೋರ್ಡಿನ ಕೆಳಗಿನ ಒಬಿಡಿ ಪೋರ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಮೊಬೈಲಿನಲ್ಲಿ ಇಗ್ನಿಷನ್ ಟೈಮಿಂಗ್ ದಾಖಲಿಸಿ. ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ ಒಂದೇ ಇಂಧನವನ್ನು ಎರಡು ಬಾರಿ ತುಂಬಿಸಿ. ಹಳೆಯದು ಕರಗಿಹೋಗಲು, ಇಸಿಯು ಹೊಸದಕ್ಕೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ನಂತರ ಅದೇ ಏರು, ಅದೇ ಗೇರ್, ಅದೇ ಹೊತ್ತಿನ ಬಿಸಿಲಿನಲ್ಲಿ ಹೋಲಿಸಿ, ದಾಖಲೆಯನ್ನು ಮನೆಗೆ ಬಂದು ಓದಿ. ದುಬಾರಿ ಇಂಧನಕ್ಕೆ ಅಂಕಿ ಕದಲದಿದ್ದರೆ ಅದು ನಿಮ್ಮ ಕಾರಿಗೆ ಬೇಕಿಲ್ಲ.

ಏಪ್ರಿಲ್‌ನ ರಾಯಚೂರು, ತುಂಬಿದ ಕಾರಿನಲ್ಲಿ ಶಿರಾಡಿ ಘಾಟಿಯ ಏರು, ಚೆನ್ನೈ ಅಥವಾ ಕೊಯಮತ್ತೂರಿನ ರೇಸ್ ಟ್ರ್ಯಾಕ್ ದಿನ: ಇಂಥಲ್ಲಿ ಒಂದು ಮೆಟ್ಟಿಲು ಮೇಲಿನ ಆಕ್ಟೇನ್ ಹಾಕುವುದರಲ್ಲಿ ಅರ್ಥವಿದೆ. ಅಂಥ ಏರಿನಲ್ಲಿ ಟಾಪ್ ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ತುಳಿಯುವ ಚಾಳಿ ಮಾತ್ರ ಬಿಡಿ. ಟರ್ಬೊ ಎಂಜಿನ್ ಕಡಿಮೆ ವೇಗದಲ್ಲಿ ತಿರುಗುತ್ತಿದ್ದಾಗ ಸ್ಪಾರ್ಕ್‌ಗೂ ಮೊದಲೇ ಹೊತ್ತಿಕೊಂಡರೆ ಪಿಸ್ಟನ್ನೇ ಒಡೆಯಬಹುದು, 100 ಆಕ್ಟೇನ್ ಕೂಡ ಅದಕ್ಕೆ ಪೂರ್ತಿ ಮದ್ದಲ್ಲ.

ಬೆರೆಸಿ ಹಾಕಬಹುದೇ? ಧಾರಾಳವಾಗಿ. 95 ಮತ್ತು 100 ಅರ್ಧರ್ಧ ಸೇರಿದರೆ ಸುಮಾರು 97–98 ಆಗುತ್ತದೆ. ಆದರೆ ಬಾಟಲಿಯ ಆಕ್ಟೇನ್ ಬೂಸ್ಟರ್ ಬಗ್ಗೆ ನನಗೆ ಒಲವಿಲ್ಲ. ‘30 ಪಾಯಿಂಟ್ ಏರಿಕೆ’ ಎಂದು ಬರೆದಿದ್ದರೆ ಅದು 30 ಆಕ್ಟೇನ್ ಅಲ್ಲ, ಬರೀ 3. ಅದರಲ್ಲೂ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತವಿರುವವು ಸ್ಪಾರ್ಕ್ ಪ್ಲಗ್ ಮೇಲೆ ಕೆಂಪು ಪದರ ಬಿಡುತ್ತವೆ.

ಇಸಿಯು ರೀಮ್ಯಾಪ್ ಮಾಡಿಸಿದವರಿಗೆ ಕಂಪನಿಯ ಚೀಟಿ ಅನ್ವಯಿಸುವುದಿಲ್ಲ. ಯಾವ ಆಕ್ಟೇನ್‌ಗೆ ಮ್ಯಾಪ್ ಬರೆದಿದ್ದಾರೆ ಎಂದು ಟ್ಯೂನರ್ ಬಳಿ ಲಿಖಿತವಾಗಿ ಪಡೆಯಿರಿ. 100ಕ್ಕೆ ಬರೆದಿದ್ದರೆ 95ರ ಇನ್ನೊಂದು ಮ್ಯಾಪನ್ನೂ ಕೇಳಿ ಇಟ್ಟುಕೊಳ್ಳಿ. ಬೆಂಗಳೂರು ಬಿಟ್ಟು ಊರಿನ ದಾರಿ ಹಿಡಿದ ಮೇಲೆ 100ರ ಪಂಪ್ ಸಿಗುವ ಭರವಸೆ ಇಲ್ಲ.